ಪಾಳಿಗೆ ಸಾಲದ ಚಾರ್ಜ್

ಹುಬ್ಬಳ್ಳಿಯ ಕಮರಿಪೇಟೆಯ ಓಣಿಗಳಿಗೆ ದಿನಾ ಕಂಪ್ಯೂಟರುಗಳು ನಡೆದು ಬರುತ್ತವೆ. ತಿಂಗಳ ಮೊದಲ ದಿನಗಳಲ್ಲಿ ಮೀಟರ್ ರೀಡರ್ ಬಂದು ಆರ್.ಆರ್. ನಂಬರ್ ಒತ್ತಿ, ಯೂನಿಟ್ ತುಂಬಿ, ಬಾಗಿಲಲ್ಲೇ ಬಿಲ್ ಹರಿದು ಕೈಗಿಡುತ್ತಾರೆ. ಗುಂಪು ಸಾಲದ ಕಂತು ಎತ್ತಲು ಬರುವವರ ಕೈಯಲ್ಲಿ ಟ್ಯಾಬ್. ಪಾರ್ಸಲ್ ತರುವ ಹುಡುಗನ ಕೈಯಲ್ಲಿ ಅವನದೇ ಮೊಬೈಲ್. ಅದರಲ್ಲೇ ನಕ್ಷೆ, ಓಟಿಪಿ, ಬಾಗಿಲ ಮುಂದಿನ ಫೋಟೊ ಎಲ್ಲ. ಓಣಿ ದಾಟಿ ಬಸ್ ಹತ್ತಿದರೆ ಕಂಡಕ್ಟರ ಕೊರಳಲ್ಲಿ ಟಿಕೆಟ್ ಮಷಿನ್. ಪ್ರೊಸೆಸರ್, ಮೆಮೊರಿ, ಪರದೆ, ರೇಡಿಯೊ, ಬ್ಯಾಟರಿ ಎಲ್ಲವೂ ಇರುವ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರುಗಳೇ ಇವೆಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ, ಸಾವಜಿ ಖಾನಾವಳಿಗಳಲ್ಲಿ ಊಟದ ಗದ್ದಲ ಇಳಿಯುವ ಹೊತ್ತಿಗೆ, ಪಾರ್ಸಲ್ ಹುಡುಗ ಒಂದು ಮನೆಯ ಕಟ್ಟೆ ಮುಂದೆ ನಿಂತು ಕೇಳುತ್ತಾನೆ: “ಅಕ್ಕಾರ, ಒಂದೀಟು ಚಾರ್ಜಿಗೆ ಹಚ್ಚಲೇನ್ರಿ? ಇನ್ನೂ ಹದಿನೈದು ಪಾರ್ಸಲ್ ಅದಾವ್ರಿ.” ಅಕ್ಕ ಒಳಗಿನ ಪ್ಲಗ್ ತೋರಿಸುತ್ತಾರೆ, ನೀರು ಕೊಡುತ್ತಾರೆ. ಕಾಲು ಗಂಟೆ ಅವನು ಅಲ್ಲೇ ಕೂರಬೇಕು. ಆ ಕಾಲು ಗಂಟೆಗೆ ಅವನಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಮೊಬೈಲ್ ಅಂಗಡಿಯಲ್ಲಿ ಬ್ಯಾಟರಿ ಮಾತು ಬಂದರೆ ನಾವು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎಂಎಎಚ್? ಐದು ಸಾವಿರವೋ, ಆರು ಸಾವಿರವೋ? ಕೆಲಸಕ್ಕೆ ಮಷಿನ್ ಹಿಡಿದವರಿಗೆ ಈ ಅಂಕಿಯಿಂದ ಹೆಚ್ಚಿನ ಉಪಯೋಗವಿಲ್ಲ. ಬೆಳಿಗ್ಗೆ ಹೊರಟಾಗ ತುಂಬಿದ ಚಾರ್ಜ್ ಪಾಳಿ ಮುಗಿಯುವವರೆಗೆ ಬರುತ್ತದೋ ಇಲ್ಲವೋ ಅನ್ನುವುದೇ ಅವರ ಅಳತೆ. ಮಷಿನ್ ರೂಪಿಸುವವರು, ಕೊಳ್ಳುವವರು ಇದೇ ಅಳತೆಯಿಂದ ಹೊರಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ಹೇಳಲು ಹುಬ್ಬಳ್ಳಿಗಿಂತ ತಕ್ಕ ಊರು ಇಲ್ಲ. 1997ರಲ್ಲಿ ಹುಟ್ಟಿದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲಿದೆ. 2002ರಿಂದ ಏಳು ಜಿಲ್ಲೆಗೆ ಕರೆಂಟ್ ಹಂಚುವ ಹೆಸ್ಕಾಂ ಕಚೇರಿಯೂ ಇಲ್ಲೇ. ಇಷ್ಟೊಂದು ಕೈಮಷಿನ್‌ಗಳನ್ನು ಕೆಲಸಕ್ಕೆ ಹಚ್ಚಿದ ಊರುಗಳು ರಾಜ್ಯದಲ್ಲಿ ಕಡಿಮೆ.

ಟಿಕೆಟ್ ಮಷಿನ್ನನ್ನೇ ಹತ್ತಿರದಿಂದ ನೋಡೋಣ. ಅದರಲ್ಲಿ ಅತಿ ಹೆಚ್ಚು ಕರೆಂಟ್ ತಿನ್ನುವುದು ಪ್ರೊಸೆಸರ್ ಅಲ್ಲ, ಪ್ರಿಂಟರ್. ಅದಕ್ಕೆ ಇಂಕ್ ಇಲ್ಲ. ಕಾಗದದ ಮೇಲಿನ ಲೇಪ ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ. 58 ಮಿಲಿಮೀಟರ್ ಅಗಲದ ರೋಲ್ ಮೇಲೆ ಅಚ್ಚು ಬೀಳುವ ಜಾಗ 48 ಮಿಲಿಮೀಟರ್. ಒಂದು ಮಿಲಿಮೀಟರಿಗೆ 8ರಂತೆ, ಒಂದು ಸಾಲಿಗೆ 384 ಸಣ್ಣ ಹೀಟರುಗಳು ಪ್ರಿಂಟರಿನ ಹೆಡ್‌ನಲ್ಲಿ ಕೂತಿರುತ್ತವೆ. ಒಂದೊಂದು ಚುಕ್ಕಿ ಸುಮಾರು 40 ಮಿಲಿ ಆಂಪಿಯರ್ ಎಳೆಯುತ್ತದೆ ಎಂದುಕೊಂಡರೂ ಇಡೀ ಸಾಲು ಒಮ್ಮೆಗೇ ಕಾದರೆ 15 ಆಂಪಿಯರ್ ಬೇಕು. ಅಂಗೈಯಗಲದ ಬ್ಯಾಟರಿಗೆ ಅದು ಆಗದ ಮಾತು. ಹಾಗಾಗಿ ಸಾಲನ್ನು ಒಡೆದು, ಒಮ್ಮೆಗೆ 64 ಚುಕ್ಕಿಯಂತೆ ಕಾಯಿಸುತ್ತಾರೆ. ಆಗಲೂ ಎರಡೂವರೆ ಆಂಪಿಯರ್ ಸರಕ್ಕನೆ ಹರಿಯುತ್ತದೆ. ಟಿಕೆಟ್ ಹೊರಬರುವಾಗ ಕೇಳಿಸುವ ಕರಕರ ಸದ್ದು ಕಾಗದ ಎಳೆಯುವ ಸಣ್ಣ ಮೋಟಾರಿನದು.

ಹೀಗಾಗಿ ಟಿಕೆಟ್ಟಿನ ಮೇಲೆ ಏನು ಅಚ್ಚಾಗುತ್ತದೆ ಅನ್ನುವುದೂ ಬ್ಯಾಟರಿ ಲೆಕ್ಕವೇ. ತಲೆಯ ಮೇಲೊಂದು ಗಾಢ ಕಪ್ಪು ಲಾಂಛನ, ದಪ್ಪಕ್ಷರದ ಹೆಸರು, ಕೆಳಗೊಂದು ಕ್ಯೂಆರ್ ಚೌಕ, ಅದರಡಿ ಶುಭಾಶಯದ ಸಾಲು, ಒಂದೊಂದಕ್ಕೂ ಚುಕ್ಕಿಗಳು ಕಾಯಬೇಕು. ಎರಡು ಸಾಲು ಕಡಿಮೆ ಮಾಡಿದರೆ ಕಾಗದವೂ ಉಳಿಯುತ್ತದೆ, ಚಾರ್ಜೂ ಉಳಿಯುತ್ತದೆ. 2023ರ ಜೂನ್ 11ರಂದು ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಈ ಲೆಕ್ಕ ಇನ್ನಷ್ಟು ಬಿಗಿಯಾಯಿತು. ಬಸ್ಸಿನಲ್ಲಿ ಹೆಣ್ಣುಮಕ್ಕಳು ಹೆಚ್ಚಾದರು. ದುಡ್ಡು ಕೊಡದಿದ್ದರೂ ಪ್ರತಿಯೊಬ್ಬರಿಗೂ ಶೂನ್ಯ ದರದ ಟಿಕೆಟ್ ಹರಿಯಲೇಬೇಕು, ಏಕೆಂದರೆ ಸರ್ಕಾರ ಸಂಸ್ಥೆಗೆ ಹಣ ಕಟ್ಟಿಕೊಡುವುದು ಆ ಟಿಕೆಟ್ಟುಗಳ ಲೆಕ್ಕದ ಮೇಲೆ. “ಯವ್ವಾ, ಆಧಾರ್ ತೋರಸ್ರಿ” ಅಂದ ಮೇಲೆ ಬರುವ ಸೊನ್ನೆಯ ಟಿಕೆಟ್ಟಿಗೂ ಐವತ್ತು ರೂಪಾಯಿಯ ಟಿಕೆಟ್ಟಿಗೂ ಪ್ರಿಂಟರ್ ಎಳೆಯುವ ಕರೆಂಟ್ ಒಂದೇ. ಯೋಜನೆ ನನಗೆ ಮೆಚ್ಚುಗೆಯದೇ. ಆದರೆ ಇಂಥ ಆದೇಶ ಹೊರಡಿಸುವಾಗ ಕಂಡಕ್ಟರ ಕೊರಳಲ್ಲಿರುವ ಬ್ಯಾಟರಿಯ ಮೇಲೆ ಎಷ್ಟು ಹೊರೆ ಬೀಳುತ್ತದೆ ಅನ್ನುವುದನ್ನೂ ಕೂಡಿಸಿ ನೋಡಬೇಕು.

ಇನ್ನೊಂದು ಸಂಗತಿ ಮಷಿನ್ ಹಿಡಿದವರಿಗೆಲ್ಲ ಗೊತ್ತು. ಪರದೆಯ ಮೇಲೆ ಇಪ್ಪತ್ತೈದು ಪರ್ಸೆಂಟ್ ಅಂತ ತೋರಿಸುತ್ತಿರುತ್ತದೆ. ಪ್ರಿಂಟ್ ಒತ್ತಿದ ಕೂಡಲೇ ಬಂದ್. ಮತ್ತೆ ಆನ್ ಮಾಡಿದರೆ ಅದೇ ಇಪ್ಪತ್ತೈದು. ಮಷಿನ್ ಸುಳ್ಳು ಹೇಳುತ್ತದೆ ಎಂದು ಬಯ್ಯುತ್ತೇವೆ, ಆದರೆ ದೋಷ ಬ್ಯಾಟರಿಯ ವಯಸ್ಸಿನದು. ಬ್ಯಾಟರಿಗೆ ತನ್ನೊಳಗೇ ಒಂದು ಅಡ್ಡಿ ಇರುತ್ತದೆ, ವಿದ್ಯುತ್ ಶಾಸ್ತ್ರದಲ್ಲಿ ಆಂತರಿಕ ರೋಧ ಅನ್ನುತ್ತಾರೆ. ಹೊಸದರಲ್ಲಿ ಅದು ತೀರಾ ಕಡಿಮೆ, ಹಳತಾದಂತೆ ಏರುತ್ತದೆ. 0.2 ಓಮ್ ರೋಧವಿರುವ ಸೆಲ್ಲಿನಿಂದ ಎರಡೂವರೆ ಆಂಪಿಯರ್ ಎಳೆದರೆ ಅರ್ಧ ವೋಲ್ಟ್ ಒಳಗೇ ಕಳೆದುಹೋಗುತ್ತದೆ. 3.6 ವೋಲ್ಟ್ ಇದ್ದದ್ದು ಆ ಕ್ಷಣಕ್ಕೆ 3.1 ಆಗಿ, ಮಷಿನ್ನಿನ ಕಾವಲು ಸರ್ಕ್ಯೂಟ್ ಇನ್ನು ಸಾಕೆಂದು ಬಂದ್ ಮಾಡುತ್ತದೆ. ಓಣಿಯಲ್ಲಿ ಪಕ್ಕದ ಮನೆಯವರು ನಲ್ಲಿಗೆ ಮೋಟರ್ ಹಚ್ಚಿದ ಕೂಡಲೇ ನಮ್ಮ ನಲ್ಲಿಯ ಧಾರೆ ಸಣ್ಣಗಾಗುವ ಹಾಗೆ. ನೀರು ಪೈಪಿನಲ್ಲಿದೆ, ಒತ್ತಡ ಇಲ್ಲ. ಚಾರ್ಜ್ ಬ್ಯಾಟರಿಯಲ್ಲಿದೆ, ಪ್ರಿಂಟರಿಗೆ ಬೇಕಾದ ರಭಸದಲ್ಲಿ ಹೊರಬರಲಾರದು.

ಈಚೆಗೆ ಟಿಕೆಟ್ಟಿಗೂ ಯುಪಿಐ ಬಂದಿದೆ. ಚಿಲ್ಲರೆ ಜಗಳ ತಪ್ಪಿದ್ದು ದೊಡ್ಡ ನಿರಾಳ. ಅದರ ಜೊತೆಗೆ ಮಷಿನ್ನಿಗೆ ಮೊಬೈಲ್ ರೇಡಿಯೊ ಸೇರಿತು, ರೇಡಿಯೊ ಜೊತೆಗೆ ಹೊಸ ಖರ್ಚೂ ಬಂತು. ಹುಬ್ಬಳ್ಳಿಯಿಂದ ಕಾರವಾರದ ಬಸ್ ಹಿಡಿದವರಿಗೆ ದಾರಿ ಗೊತ್ತು. ಕಲಘಟಗಿ ದಾಟಿ ಯಲ್ಲಾಪುರದತ್ತ ಕಾಡು ದಟ್ಟವಾಗುತ್ತದೆ, ಮುಂದೆ ಅರಬೈಲ್ ಘಟ್ಟ ಇಳಿಯುವಾಗ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಟವರ್ ಹತ್ತಿರವಿದ್ದಾಗ ಮಷಿನ್ನಿನ ರೇಡಿಯೊ ಪಿಸುದನಿಯಲ್ಲಿ ಮಾತಾಡಿದರೆ ಸಾಕು. ದೂರವಾದರೆ ಗರಿಷ್ಠ ಶಕ್ತಿಗೆ ಏರಬೇಕು. 4ಜಿ ಸಾಧನದಲ್ಲಿ ಆ ಗರಿಷ್ಠ ಸುಮಾರು 200 ಮಿಲಿವಾಟ್. ಟವರ್ ಬುಡದಲ್ಲಿ ಅದರ ಸಾವಿರದ ಒಂದು ಪಾಲಿಗೂ ಇಳಿಯಬಹುದು. ಹೊರಗೆ ಸೂಸುವ 200 ಮಿಲಿವಾಟ್‌ಗೆ ಬ್ಯಾಟರಿಯಿಂದ ಎಳೆಯಬೇಕಾದದ್ದು ಅದರ ಹಲವು ಪಟ್ಟು. ಸಿಗ್ನಲ್ ಪೂರ್ತಿ ಹೋದಾಗ ಮಷಿನ್ ಸುಮ್ಮನಿರುವುದಿಲ್ಲ, ಟವರ್ ಹುಡುಕುತ್ತಲೇ ಇರುತ್ತದೆ. ಘಟ್ಟದ ಒಂದು ಗಂಟೆ ಊರೊಳಗಿನ ಎಷ್ಟೋ ಗಂಟೆಗೆ ಸಮ. ಸಿಟಿ ಬಸ್ಸಿನಲ್ಲಿ ಹಿಡಿದು ನೋಡಿ ಪಾಸಾದ ಮಷಿನ್ ಯಲ್ಲಾಪುರದ ದಾರಿಯಲ್ಲಿ ನಾಪಾಸಾಗುವುದು ಇದರಿಂದಲೇ.

ಈ ಲೆಕ್ಕವನ್ನೆಲ್ಲ ಮೊದಲೇ ಮನಸ್ಸಿಗೆ ತಂದುಕೊಂಡು ಒಂದು ಅಂಗೈ ಕಂಪ್ಯೂಟರ್ ಕಟ್ಟಿದವರು ನಮ್ಮ ರಾಜ್ಯದವರೇ. ಇಂದು ಅದರ ಹೆಸರು ಕೇಳಿದ ಹುಡುಗರು ಕಡಿಮೆ ಅನ್ನುವುದು ನನಗೆ ನೋವಿನ ಸಂಗತಿ. ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಜ್ಞಾನ ವಿಭಾಗದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಹಾಗೂ ಅವರ ಸಂಗಡಿಗರು ಸೇರಿ ಒಂದು ಟ್ರಸ್ಟ್ ಕಟ್ಟಿದರು, 2001ರ ಏಪ್ರಿಲ್‌ನಲ್ಲಿ ಯಂತ್ರವನ್ನು ಲೋಕದ ಮುಂದಿಟ್ಟರು. ಆ ವರ್ಷದ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್, ಕಂಪ್ಯೂಟರ್ ಲೋಕದಲ್ಲಿ ಆ ವರ್ಷದ ಮಹತ್ವದ ಹೊಸತು ಆಪಲ್ ಕಂಪನಿಯದೂ ಅಲ್ಲ, ಮೈಕ್ರೋಸಾಫ್ಟ್‌ದೂ ಅಲ್ಲ, ಸಿಂಪ್ಯೂಟರ್ ಎಂದು ಬರೆದರು.

ಅವರು ಹೊರಟದ್ದು ಹಳ್ಳಿಯಿಂದ. ಹಳ್ಳಿಯಲ್ಲಿ ಕರೆಂಟ್ ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಆದರೆ ಕಿರಾಣಿ ಅಂಗಡಿಯಲ್ಲಿ ಸೆಲ್ಲು ಸಿಗುತ್ತದೆ. ಹಾಗಾಗಿ ಮೊದಲ ಸಿಂಪ್ಯೂಟರ್ ಮೂರು ಎಎಎ ಸೆಲ್ಲಿನ ಮೇಲೆ ಓಡಬೇಕೆಂದು ತೀರ್ಮಾನಿಸಿದರು. ಕಡ್ಡಿಯಂತೆ ಸಣ್ಣ ಇರುವ, ರಿಮೋಟ್‌ಗೆ ಹಾಕುವ ಸೆಲ್ಲು. ಮೂರೂ ಸೇರಿದರೆ ಸುಮಾರು 4 ವಾಟ್-ಅವರ್ ಶಕ್ತಿ. ಇಂದಿನ 5,000 ಎಂಎಎಚ್ ಮೊಬೈಲಿನಲ್ಲಿ ಇರುವುದು ಸುಮಾರು 19 ವಾಟ್-ಅವರ್. ನಾಲ್ಕರೊಳಗೆ ಲಿನಕ್ಸ್ ನಡೆಯಬೇಕು, ಕನ್ನಡ ತೋರಿಸಬೇಕು, ಓದಲು ಬಾರದವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ರಮೇಶ್ ಹರಿಹರನ್ ಅವರ ‘ಧ್ವನಿ’ ಎಂಬ ತಂತ್ರಾಂಶ ಹುಟ್ಟಿದ್ದು ಈ ಕೆಲಸದಿಂದಲೇ.

ಉಳಿದ ಆಯ್ಕೆಗಳೆಲ್ಲ ಆ ಮೂರು ಸೆಲ್ಲುಗಳಿಂದ ಹೊರಟವು. ಪರದೆ 320ಕ್ಕೆ 240 ಚುಕ್ಕಿಯ ಕಪ್ಪುಬಿಳುಪು ಎಲ್‌ಸಿಡಿ. ಹೊಲದ ಬಿಸಿಲಲ್ಲಿ ನಿಂತು ನೋಡಿದರೆ ಬಿಸಿಲೇ ಅದಕ್ಕೆ ಬೆಳಕು. ಹಿಂದಿನ ದೀಪ ಉರಿಸಬೇಕಿಲ್ಲ. ಇಂದಿನ ಬಣ್ಣದ ಪರದೆಯ ಕಥೆ ಬೇರೆ. ಬಿಸಿಲು ಹೆಚ್ಚಾದಷ್ಟೂ ಅದರ ಬೆಳಕು ಏರಿಸಬೇಕು, ಮಧ್ಯಾಹ್ನ ಹೊರಗೆ ನಿಂತು ಕೆಲಸ ಮಾಡುವವನ ಬ್ಯಾಟರಿ ನೆರಳಲ್ಲಿ ಕೂತವನದಕ್ಕಿಂತ ಬೇಗ ಇಳಿಯುತ್ತದೆ. ಒಂದೇ ಯಂತ್ರವನ್ನು ಊರವರೆಲ್ಲ ಹಂಚಿಕೊಂಡು, ತಮ್ಮ ತಮ್ಮ ವಿವರವನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಲಿ ಎಂದು ಕಾರ್ಡಿಗೆ ಜಾಗವನ್ನೂ ಕೊಟ್ಟರು.

ಪ್ರೊಸೆಸರ್ ಆಗಿ ಅವರು ಆರಿಸಿಕೊಂಡದ್ದು ಇಂಟೆಲ್‌ನ ಸ್ಟ್ರಾಂಗ್ ಆರ್ಮ್ ಎಸ್ಎ-1110. 206 ಮೆಗಾಹರ್ಟ್ಸ್ ವೇಗದಲ್ಲಿ ಅರ್ಧ ವಾಟ್‌ಗೂ ಕಡಿಮೆ. ಅದೇ ಕಾಲಕ್ಕೆ ಮೇಜಿನ ಮೇಲಿನ ಪೆಂಟಿಯಂ 4 ಐವತ್ತು ವಾಟ್ ದಾಟಿತ್ತು. ಈ ಆರ್ಮ್ ವಂಶದ ಮೊದಲ ಚಿಪ್ಪಿನ ಕಥೆ ಹೇಳದೆ ಮುಂದೆ ಹೋಗಲಾರೆ. 1985ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಚಿಪ್ ಕೈಗೆ ಬಂತು. ಬೋರ್ಡಿಗೆ ಹಾಕಿದರು, ಓಡಿತು. ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಮೀಟರ್ ಹಚ್ಚಿದರೆ ಮುಳ್ಳು ಸೊನ್ನೆಯಲ್ಲೇ ಇತ್ತು. ನೋಡಿದರೆ ಚಿಪ್ಪಿಗೆ ಕರೆಂಟ್ ಕೊಡುವ ತಂತಿಯೇ ಜೋಡಣೆಯಾಗಿರಲಿಲ್ಲ. ಪಕ್ಕದ ಸರ್ಕ್ಯೂಟುಗಳಿಂದ ಸಿಗ್ನಲ್ ಪಿನ್ನುಗಳ ಮೂಲಕ ಸೋರಿ ಬಂದ ಅಷ್ಟಿಷ್ಟರಲ್ಲೇ ಅದು ಲೆಕ್ಕ ಮಾಡುತ್ತಿತ್ತು. ಇಂದು ನಮ್ಮ ಜೇಬಿನ ಬಹುತೇಕ ಎಲ್ಲ ಮೊಬೈಲುಗಳಲ್ಲೂ ಇರುವುದು ಆ ಚಿಪ್ಪಿನ ಸಂತತಿ.

ಇದರ ಹಿಂದಿನ ನಿಯಮ ಸರಳ. ಚಿಪ್ ಕೆಲಸ ಮಾಡುವಾಗ ತಿನ್ನುವ ಶಕ್ತಿ ಅದರ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗದಲ್ಲಿ ಏರುತ್ತದೆ. ವೋಲ್ಟೇಜ್ ಅರ್ಧಕ್ಕೆ ಇಳಿಸಿದರೆ ಖರ್ಚು ಕಾಲು ಭಾಗ. ವೋಲ್ಟೇಜ್ ಇಳಿದರೆ ಚಿಪ್ ಹೆಚ್ಚು ವೇಗ ತಡೆಯದು, ಆದ್ದರಿಂದ ಕೆಲಸ ಹಗುರಾದಾಗ ವೇಗ, ವೋಲ್ಟೇಜ್ ಎರಡನ್ನೂ ಇಳಿಸುತ್ತಾರೆ. ಕೆಲಸವೇ ಇಲ್ಲದಾಗ ನಿದ್ದೆಗೆ ಕಳಿಸುತ್ತಾರೆ. ಬ್ಯಾಟರಿ ಉಳಿಸುವ ಕಲೆಯೆಂದರೆ ಬಹುಮಟ್ಟಿಗೆ ನಿದ್ದೆಯ ಕಲೆ. 1990ರ ದಶಕದ ಪಾಮ್‌ಪೈಲಟ್ ಎರಡು ಎಎಎ ಸೆಲ್ಲಿನಲ್ಲಿ ವಾರಗಟ್ಟಲೆ ಓಡುತ್ತಿದ್ದುದೂ ಹೀಗೇ: ಮುಟ್ಟಿದಾಗ ಎದ್ದು ಕೆಲಸ ಮಾಡಿ ಮತ್ತೆ ಮಲಗುತ್ತಿತ್ತು. ಇಂದಿನ ಮೊಬೈಲನ್ನು ಮಲಗಲು ಬಿಡದವರು ನಾವಲ್ಲ, ಒಳಗೆ ಕೂತ ಆ್ಯಪ್‌ಗಳು. ಒಂದು ನಿಮಿಷಕ್ಕೊಮ್ಮೆ ಎದ್ದು ಸ್ಥಳ ಕೇಳುವುದು, ಜಾಹೀರಾತು ತರಿಸುವುದು, ಸರ್ವರ್ ಸಿಗದಿದ್ದರೆ ಮತ್ತೆ ಮತ್ತೆ ಬಾಗಿಲು ಬಡಿಯುವುದು. ಆ್ಯಪ್ ಬರೆದವರ ಕಚೇರಿಯಲ್ಲಿ ಚಾರ್ಜರ್ ಸದಾ ಪಕ್ಕದಲ್ಲಿರುತ್ತದೆ, ವೈಫೈ ಗಟ್ಟಿ ಇರುತ್ತದೆ. ಅಲ್ಲಿ ಈ ಸೋರಿಕೆ ಕಾಣಿಸುವುದೇ ಇಲ್ಲ.

ಸಿಂಪ್ಯೂಟರ್ ಹಳ್ಳಿಯ ಹಗಲಿನಿಂದ ಹೊರಟದ್ದರಿಂದ ನನಗೆ ಇಂದಿಗೂ ಮಾದರಿ. 2004ರ ಮಾರ್ಚ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ ‘ಅಮಿಡಾ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಾಗ ಸೆಲ್ಲುಗಳ ಬದಲು ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ ಇತ್ತು. ಯಂತ್ರವನ್ನು ವಾಲಿಸಿ ಪುಟ ತಿರುಗಿಸುವ ಸೌಲಭ್ಯವಿತ್ತು. ಜಗತ್ತಿನ ಜೇಬುಗಳಿಗೆ ಆ ಚಮತ್ಕಾರ ತಲುಪಲು ಇನ್ನೂ ಕೆಲವು ವರ್ಷ ಬೇಕಾಯಿತು. ಕಪ್ಪುಬಿಳುಪಿನದಕ್ಕೆ ಬೆಲೆ ಸುಮಾರು ಹತ್ತು ಸಾವಿರ ರೂಪಾಯಿ. ಭೂಮಿ ಯೋಜನೆಯಲ್ಲಿ ಜಮೀನಿನ ವಿವರ ಸಂಗ್ರಹಿಸಲು ಕರ್ನಾಟಕ ಸರ್ಕಾರ ಸಿಂಪ್ಯೂಟರ್ ಬಳಸಿತು. ಆದರೆ ಮಾರಾಟ ಕೆಲವು ಸಾವಿರ ದಾಟಲಿಲ್ಲ. ಮೊಬೈಲ್ ಅಗ್ಗವಾಗುತ್ತ ಬಂತು, ಯಂತ್ರ ಮರೆಗೆ ಸರಿಯಿತು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಗೆ ಟ್ಯಾಬ್ಲೆಟ್ ಮಾಡಿಕೊಟ್ಟದ್ದೂ ಅದೇ ಭಾರತ್ ಎಲೆಕ್ಟ್ರಾನಿಕ್ಸ್.

ಅಲ್ಲಿಂದೀಚೆಗೆ ಒಂದು ಪಲ್ಲಟ ಸದ್ದಿಲ್ಲದೆ ಆಗಿದೆ. ಆಗ ಕೆಲಸಕ್ಕೆ ಯಂತ್ರ ಕೊಡುತ್ತಿದ್ದರು, ಈಗ ಆ್ಯಪ್ ಕೊಡುತ್ತಾರೆ. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತು. ಅದಕ್ಕೆ ಮೊದಲು ಮೀಟರ್ ರೀಡರುಗಳು ಮನೆ ಮನೆಗೆ ಬಂದು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಜಾಗ ಗುರುತಿಸಿ ಹೋದರು. ಆಮೇಲೆ ಶಿಕ್ಷಕರು ಮೊಬೈಲ್ ಹಿಡಿದು ಬಂದರು. ಒಂದು ಮನೆಗೆ 60 ಪ್ರಶ್ನೆ. ಅಷ್ಟು ಹೊತ್ತೂ ಪರದೆ ಉರಿಯುತ್ತಿರಬೇಕು, ಜಿಪಿಎಸ್ ಎಚ್ಚರವಾಗಿರಬೇಕು, ಓಟಿಪಿಗೆ ನೆಟ್‌ವರ್ಕ್ ಬೇಕು. ಇವು ಮೊಬೈಲಿನಲ್ಲಿ ಅತಿ ಹೆಚ್ಚು ತಿನ್ನುವ ಮೂರು ಬಾಬತ್ತುಗಳು, ಮೂರೂ ಒಟ್ಟಿಗೇ. ಬೆಳೆ ಸಮೀಕ್ಷೆಗೆ ಹೊಲದ ಬದುವಿನಲ್ಲಿ ನಿಂತು ಫೋಟೊ ತೆಗೆಯುವ ಹುಡುಗರದೂ ಇದೇ ಪಾಡು. ಕೆಲಸ ಸರ್ಕಾರದ್ದೋ ಕಂಪನಿಯದೋ ಇರಲಿ, ಸವೆಯುವ ಬ್ಯಾಟರಿ ದುಡಿಯುವವರ ಸ್ವಂತದ್ದಾದರೆ ಆ ಸವೆತಕ್ಕೂ ಭತ್ಯೆ ಕೊಡಬೇಕು. ಸೈಕಲ್ ಭತ್ಯೆ, ಪೆಟ್ರೋಲ್ ಭತ್ಯೆ ಕೊಡುವ ನಾಡಿನಲ್ಲಿ ಇದು ಅತಿ ಬೇಡಿಕೆ ಅಲ್ಲ.

ಸವೆತ ಹೇಗಾಗುತ್ತದೆ ಅನ್ನುವುದನ್ನು ಹಳೇ ಹುಬ್ಬಳ್ಳಿಯ ಯಾವುದೇ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಣ್ಣಾರೆ ನೋಡಬಹುದು. ರಿಪೇರಿಯವರು ಹಿಂದಿನ ಮುಚ್ಚಳದ ಅಂಚಿಗೆ ಬಿಸಿಗಾಳಿ ಹಿಡಿದು ಅಂಟು ಮೆತ್ತಗೆ ಮಾಡುತ್ತಾರೆ. ತೆಳ್ಳಗಿನ ಪ್ಲಾಸ್ಟಿಕ್ ತುಂಡು ತೂರಿಸಿ ಸುತ್ತ ಎಳೆಯುತ್ತಾರೆ. ಮುಚ್ಚಳ ಎದ್ದರೆ ಒಳಗೆ ಬ್ಯಾಟರಿ, ಕೆಲವೊಮ್ಮೆ ಊದಿಕೊಂಡು. ಒಳಗಿನ ದ್ರವ ಕೆಟ್ಟು ಗ್ಯಾಸಾಗಿ, ಬೆಳ್ಳಿಬಣ್ಣದ ಚೀಲ ಉಬ್ಬಿರುತ್ತದೆ. ಅದನ್ನು ಚುಚ್ಚದಂತೆ, ಬಗ್ಗಿಸದಂತೆ, ಅಂಟಿನಿಂದ ನಿಧಾನ ಬಿಡಿಸುವಾಗ ಅಂಗಡಿಯಲ್ಲಿ ಮಾತು ನಿಲ್ಲುತ್ತದೆ. ತೂತಾದರೆ ಹೊಗೆ, ಬೆಂಕಿ. “ರಾತ್ರಿಯೆಲ್ಲಾ ಚಾರ್ಜಿಗೆ ಹಚ್ಚಿ ತಲೆದಿಂಬಿನ ಕೆಳಗ ಇಡಬ್ಯಾಡ್ರಿ” ಎಂದು ಅವರು ಹೇಳುವುದರಲ್ಲಿ ಪೂರ್ತಿ ವಿಜ್ಞಾನವಿದೆ. ಲಿಥಿಯಂ ಬ್ಯಾಟರಿಗೆ ಎರಡು ಶತ್ರುಗಳು, ಶಾಖ ಮತ್ತು ತುಂಬಿದ ಹೊಟ್ಟೆ. ಎರಡೂ ಸೇರಿದರೆ ಹಾನಿ ಹೆಚ್ಚು. ಪೂರ್ತಿ ತುಂಬಿ 40 ಡಿಗ್ರಿ ಶಾಖದಲ್ಲಿ ಒಂದು ವರ್ಷ ಇಟ್ಟರೆ ಮೂರನೇ ಒಂದರಷ್ಟು ಸಾಮರ್ಥ್ಯ ಶಾಶ್ವತವಾಗಿ ಹೋಗುತ್ತದೆ, ಅರೆಬರೆ ತುಂಬಿ ಇಟ್ಟರೆ ಅದರ ಅರ್ಧದಷ್ಟೇ ನಷ್ಟ ಅನ್ನುವುದು ಬ್ಯಾಟರಿ ಬಲ್ಲವರು ಸಾಮಾನ್ಯವಾಗಿ ಕೊಡುವ ಲೆಕ್ಕ. ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಇಂಜಿನ್ ಪಕ್ಕ, ಬೈಕಿನ ಹ್ಯಾಂಡಲ್ ಮೇಲೆ, ಬಿಗಿಯಾದ ಪ್ಯಾಂಟಿನ ಜೇಬಿನಲ್ಲಿ ಮಷಿನ್ ಸುಲಭವಾಗಿ ಆ ಶಾಖ ದಾಟುತ್ತದೆ.

ಈ ಬ್ಯಾಟರಿಯನ್ನು ಸಾಧ್ಯವಾಗಿಸಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅಂದಿನಿಂದ ಸುಧಾರಣೆ ಆಗಿದೆ, ಆದರೆ ನಿಧಾನವಾಗಿ. ಚಿಪ್ಪಿನ ವೇಗ ಏರಿದಂತೆ ಬ್ಯಾಟರಿ ಏರಲಿಲ್ಲ, ಏರುವ ಲಕ್ಷಣವೂ ಇಲ್ಲ. ಆದ್ದರಿಂದ ಉಳಿತಾಯ ಆಗಬೇಕಾದದ್ದು ಖರ್ಚಿನ ಕಡೆಯಿಂದ, ಮತ್ತು ಬದಲಿಸುವ ಅನುಕೂಲದಿಂದ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನಂತೆ 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಕೈಸಾಧನಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟು, ಬಳಸುವವರೇ ತೆಗೆದು ಬದಲಿಸುವಂತಿರಬೇಕು. ನಮ್ಮ 2022ರ ಬ್ಯಾಟರಿ ತ್ಯಾಜ್ಯ ನಿಯಮ ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿದೆ. ಸುಲಭವಾಗಿ ಬದಲಿಸುವ ಹಕ್ಕನ್ನೂ ಅದರ ಜೊತೆಗೆ ಬರೆಯಬೇಕು. ಕಂಡಕ್ಟರ ಚೀಲದಲ್ಲಿ ಒಂದು ಹೆಚ್ಚುವರಿ ಬ್ಯಾಟರಿ ಇದ್ದು, ನಿಂತ ನಿಲುವಿನಲ್ಲೇ ಬದಲಿಸಲು ಬಂದರೆ ಈ ಲೇಖನದ ಅರ್ಧ ದೂರು ಮುಗಿಯಿತು.

ಉಳಿದರ್ಧ ಟೆಂಡರಿನಲ್ಲಿದೆ. ಸಂಸ್ಥೆಗಳು ಕೈಮಷಿನ್ ಕೊಳ್ಳುವಾಗ ಎಂಎಎಚ್ ಕೇಳುವುದನ್ನು ಬಿಟ್ಟು ಕೆಲಸವನ್ನೇ ಪರೀಕ್ಷೆಗೆ ಇಡಲಿ. ಬೆಳಿಗ್ಗೆ ಹುಬ್ಬಳ್ಳಿ ಡಿಪೊದಲ್ಲಿ ಮಷಿನ್ ಕೊರಳಿಗೆ ಹಾಕಬೇಕು. ಸಂಜೆ ಕಾರವಾರದಿಂದ ವಾಪಸ್ ಬರುವವರೆಗೆ ಪ್ರತಿ ಸ್ಟೇಜಿನ ಟಿಕೆಟ್ಟೂ ಹರಿಯಬೇಕು, ಅರಬೈಲ್ ಘಟ್ಟ ಇಳಿದು ಹತ್ತಬೇಕು, ಯುಪಿಐ ನಡೆಯಬೇಕು, ಪರದೆ ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಓದಿಸಬೇಕು. ಪರೀಕ್ಷೆಗೆ ಹಾಕುವ ಬ್ಯಾಟರಿ ಪೆಟ್ಟಿಗೆಯಿಂದ ಆಗಷ್ಟೇ ತೆಗೆದದ್ದು ಆಗಿರಬಾರದು, ಎರಡು ಬೇಸಿಗೆ ಕಂಡದ್ದಾಗಿರಬೇಕು.